ಕೋಣಗಳ ಡ್ರ್ಯಾಗ್ ರೇಸು

2023ರ ನವೆಂಬರಿನ ಒಂದು ರಾತ್ರಿ. ಆಫೀಸು ಮುಗಿಸಿ ಮಾಕಳಿಯಲ್ಲಿ ಬಸ್ಸಿಳಿದು, ಗೆಳೆಯನ ಜೊತೆ ಟೀ ಕುಡೀತಾ ನಿಂತಿದ್ದೆ. ನೆಲಮಂಗಲದ ಕಡೆಯಿಂದ ಲಾರಿಗಳ ಸಾಲು. ಒಳಗೆ ಮಿರಮಿರ ಮಿಂಚುವ ಕೋಣಗಳು! ಅರಮನೆ ಮೈದಾನದಲ್ಲಿ 25, 26ಕ್ಕೆ ನಡೆಯಲಿದ್ದ ಬೆಂಗಳೂರು ಕಂಬಳಕ್ಕೆ ಕರಾವಳಿಯಿಂದ ಬಂದವು. ಬೈಕ್ ಹುಚ್ಚಿನ ಗೆಳೆಯ ಅಂದ: "ನೇರ ಟ್ರ್ಯಾಕು, ಎರಡು ಲೇನು, ಗೆದ್ದವನು ಮುಂದಿನ ಸುತ್ತಿಗೆ. ಇದೂ ಡ್ರ್ಯಾಗ್ ರೇಸೇ ಅಲ್ವೇನೋ?"

ಆ ಮಾತು ತಲೆಯಲ್ಲೇ ಉಳಿದುಬಿಡ್ತು.

ಅಮೆರಿಕದಲ್ಲಿ 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ದು ಬೀದಿ ರೇಸಿನ ಹುಡುಗರನ್ನು ಟ್ರ್ಯಾಕಿಗೆ ತರೋದಕ್ಕೆ. ಆದರೆ ಎಲ್ಲರನ್ನೂ ಒಟ್ಟಿಗೆ ಓಡಿಸಿದರೆ ದುಡ್ಡಿದ್ದವನ ಗಾಡಿಯೇ ಗೆಲ್ಲುತ್ತೆ, ಉಳಿದವರು ಮುಂದಿನ ವಾರ ಬರೋದೇ ಇಲ್ಲ. ಹಾಗಾಗಿ ವರ್ಗಗಳು ಬಂದವು. ನಮ್ಮ ರಾಷ್ಟ್ರೀಯ ಬೈಕ್ ಡ್ರ್ಯಾಗ್‌ನಲ್ಲೂ ಸಿಸಿ, ಸ್ಟ್ರೋಕು ನೋಡಿಯೇ ವರ್ಗ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಚಾಂಪಿಯನ್ ಆಗಿದ್ದು 1051 ಸಿಸಿ ಮೇಲಿನ ವರ್ಗದಲ್ಲಿ. 165 ಸಿಸಿ ಹುಡುಗನಿಗೆ ಅವರ ಭಯ ಇಲ್ಲ.

ಬ್ರಾಕೆಟ್ ರೇಸಿಂಗ್ ಅಂತ ಇನ್ನೊಂದಿದೆ. ನಿಮ್ಮ ಗಾಡಿ ಎಷ್ಟು ಸೆಕೆಂಡಿಗೆ ಓಡುತ್ತೆ ಅಂತ ನೀವೇ ಮೊದಲು ಹೇಳಬೇಕು. ನಿಧಾನದ ಗಾಡಿಯನ್ನು ಅಷ್ಟು ಮುಂಚೆ ಬಿಡ್ತಾರೆ. ಸುಳ್ಳು ಹೇಳಿ ಮುಂಚೆ ಹೊರಟರೆ? ಹೇಳಿದ್ದಕ್ಕಿಂತ ಬೇಗ ಓಡಿದರೆ ಔಟ್! ಒಂದೇ ಸಾಲಿನ ನಿಯಮ, ಮೋಸ ಮಾಡೋ ಆಸೆಯೇ ಹೋಯ್ತು. ಕೋಡ್ ಬರೆಯೋ ನಮಗೆ ಇಂಥದ್ದು ಕಂಡರೆ ಹೊಟ್ಟೆಕಿಚ್ಚಾಗುತ್ತೆ :)

ಈಗ ಕಂಬಳಕ್ಕೆ ಬನ್ನಿ. ಹಳೆಯ ಸಾಂಪ್ರದಾಯಿಕ ಕಂಬಳದಲ್ಲಿ ಜೋಡಿಗಳು ಗದ್ದೆಯಲ್ಲಿ ಒಂದಾದ ಮೇಲೊಂದು ಓಡುತ್ತಿದ್ದವು, ಸ್ಪರ್ಧೆಯೇ ಮುಖ್ಯ ಅಲ್ಲ. ಆಮೇಲೆ ಜೋಡುಕರೆ ಬಂತು. ಕರೆ ಅಂದರೆ ಓಟದ ಗದ್ದೆ. ಗಂತಿನಲ್ಲಿ ಎರಡು ಜೋಡಿ ಒಟ್ಟಿಗೆ ಬಿಟ್ಟು, ಮಂಜೊಟ್ಟಿ ಯಾರು ಮೊದಲು ಮುಟ್ಟುತ್ತಾರೆ ಅಂತ ನೋಡೋದು. ಹಿಂದೆ ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆ. ಈಗ ಚಿನ್ನ. ಚಿನ್ನ ಬಂದ ಕಡೆ ನಿಯಮ ಬಿಗಿಯಾಗಲೇಬೇಕು. ಮುಖ್ಯವಾಗಿ ಆರು ವರ್ಗ: ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ. ಎಲ್ಲಕ್ಕಿಂತ ಹೆಚ್ಚು ಜೋಡಿ ಸೇರೋದು ಸಾಮಾನ್ಯವಾಗಿ ನೇಗಿಲು ಕಿರಿಯದಲ್ಲಿ. ಹೊಸ ಯಜಮಾನರ ಎಳೆ ಕೋಣಗಳಿಗೂ ಅಲ್ಲೊಂದು ಬಾಗಿಲಿದೆ. ಅದು ಮುಚ್ಚಿದರೆ ಹತ್ತು ವರ್ಷದಲ್ಲಿ ಹಿರಿಯ ವರ್ಗಕ್ಕೂ ಕೋಣ ಇರಲ್ಲ.

ನನಗೆ ತುಂಬಾ ಇಷ್ಟವಾದದ್ದು ಕನೆಹಲಗೆ. ಇಲ್ಲಿ ಎದುರಾಳಿಯೇ ಇಲ್ಲ! ಎರಡು ತೂತಿನ ಮರದ ತುಂಡಿನ ಮೇಲೆ ಓಟಗಾರ ಕಾಲೂರಿ ನಿಲ್ತಾನೆ. ಕೋಣಗಳು ಎಳೆದಾಗ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಅದು ಮುಟ್ಟಬೇಕು. ವೇಗವೊಂದೇ ಸಾಲದು, ಕಾಲೂರುವ ಹದ ಬೇಕು.

2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದಾಗ ದೇಶವೆಲ್ಲ "100 ಮೀಟರಿಗೆ 9.55, ಬೋಲ್ಟ್‌ನ 9.58 ಮುರೀತು" ಅಂತ ಕುಣೀತು. ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು, ಗೌಡರು ಒಲ್ಲೆ ಅಂದರು. ಸರಿಯಾಗೇ ಮಾಡಿದರು. ಕೋಣ ಹಿಡಿದು ಓಡೋನು, ಒಂಟಿಯಾಗಿ ಓಡೋನು ಒಂದೇ ವರ್ಗದವರಲ್ಲ. ಅವರಿಗೆ ಗೊತ್ತಿದ್ದ ನಿಯಮ ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಒಂದು ಮಾತು ಮಾತ್ರ ಚುಚ್ಚುತ್ತೆ. 2014ರ ಜಲ್ಲಿಕಟ್ಟು ತೀರ್ಪಿನ ನಂತರ ಕಂಬಳಕ್ಕೂ ಕುತ್ತು ಬಂತು. 2016ರಲ್ಲಿ ಹೈಕೋರ್ಟ್ ತಡೆ, 2017ರಲ್ಲಿ ರಾಜ್ಯದ ತಿದ್ದುಪಡಿ, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಒಪ್ಪಿಗೆ. ಕೋಣಕ್ಕೆ ಅನಗತ್ಯ ನೋವು ಕೊಡಬಾರದು ಅನ್ನೋದು ಷರತ್ತು. ಆದರೆ ಬಹುಮಾನ ಸೆಕೆಂಡಿಗೆ ಮಾತ್ರ ಸಿಕ್ಕರೆ ಬೆತ್ತ ಮೇಲೇಳೋದು ಸಹಜ. ಬ್ರಾಕೆಟ್ ರೇಸಿನವರ ಹಾಗೆ, "ಹೊಡೆದರೆ ಆ ಓಟ ಲೆಕ್ಕಕ್ಕಿಲ್ಲ" ಅಂತ ಗೆಲುವಿನ ಲೆಕ್ಕದೊಳಗೇ ಅದನ್ನು ಬರೆದರೆ ಪೊಲೀಸರು ಕಾಯಬೇಕಿಲ್ಲ, ಯಜಮಾನರೇ ಓಟಗಾರನ ಕೈ ಹಿಡೀತಾರೆ.

ಕರಾವಳಿಯ ಗೆಳೆಯರೇ, ಗದ್ದೆ ನೋಡಿ ಬೆಳೆದವರು ನೀವು. ನಾನು ಲಾರಿಯಲ್ಲಿ ಕೋಣ ನೋಡಿದವನು. ತಪ್ಪಿದ್ದರೆ ತಿದ್ದಿ.