ಗಾಣದಲ್ಲಿ ಉಳಿದದ್ದು

ಮುಂಬಯಿಯಲ್ಲಿ ಕರಂಜ, ಚೆನ್ನೈಯಲ್ಲಿ ಪುಂಗ, ಹೈದರಾಬಾದಿನಲ್ಲಿ ಕಾನುಗ ಎಂದು ಕರೆಸಿಕೊಳ್ಳುವ ಮರ ನಮ್ಮ ಹೊಂಗೆಯೇ. ಊರು ಬಿಟ್ಟು ಬಂದ ನಾವು ಅದರ ನೆರಳನ್ನು ಎಲ್ಲಿದ್ದರೂ ಗುರುತಿಸುತ್ತೇವೆ. ಅದರ ಹಿಂಡಿಯನ್ನು ಮಾತ್ರ ಮರೆತಿದ್ದೇವೆ. ಹೊಂಗೆಣ್ಣೆಯಿಂದ ಎಂಜಿನ್ ಓಡಿಸುವ ಮಾತು ಬಂದಾಗಲೆಲ್ಲ ಎಣ್ಣೆಯ ಲೆಕ್ಕವಷ್ಟೇ ನಡೆಯುತ್ತದೆ. ಅದು ಅರ್ಧ ಲೆಕ್ಕವೆಂದು ನಮ್ಮ ಅಭಿಪ್ರಾಯ.

ಸೀಮೆಎಣ್ಣೆ ಬರುವ ಮೊದಲು ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಹೊಂಗೆಣ್ಣೆಯ ದೀಪ ಉರಿಯುತ್ತಿತ್ತು. ಹೊಲದ ಬದುವಿನಲ್ಲಿ ಉದುರಿದ ಕಾಯಿಯನ್ನು ಆಯ್ದು, ಒಣಗಿಸಿ, ಸಿಪ್ಪೆ ಬಡಿದು, ಬೀಜವನ್ನು ಗಾಣಕ್ಕೆ ಒಯ್ಯುತ್ತಿದ್ದರು. ಸುಮಾರು ನಾಲ್ಕು ಕಿಲೋ ಬೀಜ ಅರೆದರೆ ಒಂದು ಕಿಲೋ ಎಣ್ಣೆ ಬರುತ್ತದೆ. ಉಳಿದದ್ದು ಹೆಚ್ಚುಕಡಿಮೆ ಮೂರು ಕಿಲೋ ಹಿಂಡಿ. ಅಂದರೆ ದೀಪಕ್ಕೆ ಹೋದದ್ದು ಕಾಲು ಪಾಲು. ಮಿಕ್ಕ ಮುಕ್ಕಾಲು ಪಾಲನ್ನು ಕಸವೆಂದಿದ್ದರೆ ರೈತ ನಕ್ಕುಬಿಡುತ್ತಿದ್ದ.

ಕಡಲೆಕಾಯಿ ಹಿಂಡಿಯಂತೆ ಇದನ್ನು ದನಕ್ಕೆ ಇಡುವಂತಿಲ್ಲ. ಬಲು ಕಹಿ, ವಿಷದ ಅಂಶವೂ ಉಂಟು. ಹೀಗಾಗಿ ಅದು ಕೊಟ್ಟಿಗೆಗೆ ಹೋಗದೆ ನೇರವಾಗಿ ಕಬ್ಬಿನ ಗದ್ದೆಗೆ, ತೋಟಕ್ಕೆ ಹೋಯಿತು. ಅದರಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ಸಾರಜನಕವಿದೆ. ಹಾಕಿದ ಕಡೆ ಗೆದ್ದಲಿನ ಕಾಟವೂ ಕಡಿಮೆ. ದನ ಮೂಸದ ಕಹಿಯೇ ಮಣ್ಣಿಗೆ ಉಪಕಾರವಾಯಿತು.

ಆ ಕಹಿಯ ಕಥೆಯೂ ಸ್ವಾರಸ್ಯವಾದುದೇ. ಹೊಂಗೆಯಲ್ಲಿರುವ ಕರಂಜಿನ್ ಎಂಬ ದ್ರವ್ಯದ ರಚನೆಯನ್ನು ಕುರಿತು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ. ಎಲ್. ಮಂಜುನಾಥ್ ಅವರೂ ಸಂಗಡಿಗರೂ 1939ರಲ್ಲಿ ಜರ್ಮನ್ ರಸಾಯನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ದೆಹಲಿಯಿಂದ 1948ರಲ್ಲಿ ಹೊರಬಂದ 'ವೆಲ್ತ್ ಆಫ್ ಇಂಡಿಯಾ' ಕೋಶದ ಮೊದಲ ಸಂಪುಟಕ್ಕೆ ಸಂಪಾದಕರಾದವರೂ ಇವರೇ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನಮಗೆ ಇದನ್ನು ಯಾರೂ ಹೇಳಿರಲಿಲ್ಲ! ಮಣ್ಣಿನ ಸಾರಜನಕ ಬೇಗನೆ ನೈಟ್ರೇಟಾಗಿ ನೀರಿನೊಡನೆ ಕೊಚ್ಚಿಹೋಗುವುದನ್ನು ಕರಂಜಿನ್ ನಿಧಾನಗೊಳಿಸುತ್ತದೆಂದು ಅನಂತರದ ಪ್ರಯೋಗಗಳಿಂದ ತಿಳಿಯಿತು.

ಸೀಮೆಎಣ್ಣೆ, ಆಮೇಲೆ ವಿದ್ಯುತ್ತು ಬಂದು ದೀಪದ ಹೊಂಗೆಣ್ಣೆ ಮೂಲೆಗೆ ಸರಿಯಿತು. ಮತ್ತೆ ಅದರ ಹೆಸರು ಕೇಳಿಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆಣ್ಣೆಯಿಂದ ಜನರೇಟರ್ ಓಡಿಸಿ, ಕೊಳವೆ ಬಾವಿಯ ನೀರನ್ನು ಹೊಲಕ್ಕೆ ಹಾಯಿಸಿ ತೋರಿಸಿದರು. 2009ರಲ್ಲಿ ಕರ್ನಾಟಕ ಸರ್ಕಾರ ಜೈವಿಕ ಇಂಧನ ನೀತಿಯನ್ನೇ ತಂದಿತು. ಎಣ್ಣೆಯನ್ನು ಬಯೋಡೀಸೆಲ್ ಮಾಡುವಾಗ ಮತ್ತೊಂದು ಉಳಿಕೆ ಸಿಗುತ್ತದೆ: ಗ್ಲಿಸರಿನ್. ಎಣ್ಣೆಯ ತೂಕದ ಹತ್ತನೆಯ ಒಂದು ಪಾಲಿನಷ್ಟು ಬರುವ ಇದು, ಶುದ್ಧಿ ಮಾಡಿದರೆ, ಸಾಬೂನಿಗೆ ಬರುತ್ತದೆ. ಹಿಂಡಿಯನ್ನು ಸಗಣಿಯೊಡನೆ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಒಲೆಗೆ ಅನಿಲ ಸಿಗುತ್ತದೆ. ಕೊನೆಯಲ್ಲಿ ಉಳಿದ ಬಗ್ಗಡವೂ ಗೊಬ್ಬರವೇ.

ಆದರೆ ಗಾಣ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಿಂದೆ ಗಾಣ ಊರಿನಲ್ಲೇ ಇತ್ತು. ಎಣ್ಣೆ ಹೊರಗೆ ಹೋದರೂ ಹಿಂಡಿ ಊರ ಹೊಲಕ್ಕೆ ಬೀಳುತ್ತಿತ್ತು. ಬೀಜವನ್ನೇ ಲಾರಿಗೆ ತುಂಬಿ ದೂರದ ಗಿರಣಿಗೆ ಕಳಿಸಿದರೆ ರೈತನಿಗೆ ಬೀಜದ ಬೆಲೆ ದಕ್ಕೀತು, ಮುಕ್ಕಾಲು ಪಾಲು ಗೊಬ್ಬರ ಹಿಂದಿರುಗದು. ಆಮೇಲೆ ಅವನೇ ಅಂಗಡಿಗೆ ಹೋಗಿ ಚೀಲದ ಗೊಬ್ಬರಕ್ಕೆ ಹಣ ಎಣಿಸಬೇಕು. ಆಯ್ದವರ ಕೂಲಿಯೂ ಸೇರಿದರೆ ಎಣ್ಣೆಯೊಂದರಿಂದಲೇ ಈ ಕೆಲಸ ಗಿಟ್ಟುವುದು ಕಷ್ಟ.

ಈಗ ನಗರದ ನರ್ಸರಿಗಳಲ್ಲಿ ಬೇವಿನ ಹಿಂಡಿಯ ಪಕ್ಕದಲ್ಲೇ ಹೊಂಗೆ ಹಿಂಡಿಯೂ ಪೊಟ್ಟಣದಲ್ಲಿ ಸಿಗುತ್ತದೆ. ಬಾಲ್ಕನಿಯ ಕುಂಡಕ್ಕೆ ಹಾಕುವವರು ಮಣ್ಣಿನಲ್ಲಿ ಚೆನ್ನಾಗಿ ಬೆರೆಸಬೇಕು, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ವಾಸನೆ ಮಾತ್ರ ನಾಲ್ಕಾರು ದಿನ ಇರುತ್ತದೆ. ನೆರೆಮನೆಯವರಿಗೆ ಮೊದಲೇ ಹೇಳಿಡುವುದು ಲೇಸು.