ಮೊಂತಿ ಫೆಸ್ತ್: ಕರಾವಳಿ ಕಥೋಲಿಕರ ಹೊಸತೆನೆ ಹಬ್ಬದ ಚಾರಿತ್ರಿಕ ಪದರಗಳು

ಸೆಪ್ಟೆಂಬರ್ 8ರಂದು ಕರಾವಳಿಯ ಕೊಂಕಣಿ ಕಥೋಲಿಕರು ಆಚರಿಸುವ ಮೊಂತಿ ಫೆಸ್ತ್‌ನ ಹುಟ್ಟನ್ನು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: 1763ರಲ್ಲಿ ಗೋವಾ ಮೂಲದ ಪಾದ್ರಿ ಜೋಕಿಮ್ ಮಿರಾಂದಾ ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ ಇದನ್ನು ಆರಂಭಿಸಿದರು. ಈ ಪ್ರತೀತಿಯನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಹಬ್ಬದ ಒಂದೊಂದು ಅಂಗವೂ ಒಂದೊಂದು ಕಾಲದ್ದು. ಅವು ಕೂಡಿಬಂದ ಬಗೆಯನ್ನು ಹಿಂಬಾಲಿಸಿದರೆ, ಬೆಳೆಗೆ ಕೃತಜ್ಞತೆ ಸಲ್ಲಿಸುವುದೂ ದಾಟಿಬಂದ ಕಷ್ಟವನ್ನು ನೆನೆಯುವುದೂ ಇಲ್ಲಿ ಒಂದೇ ಆಚರಣೆಯಾದದ್ದು ತಿಳಿಯುತ್ತದೆ.

ತೆನೆಯ ಪದರ ಎಲ್ಲಕ್ಕಿಂತ ಹಳೆಯದು. ಬೈಬಲಿನ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಪ್ರಕಾರ, ಪ್ರಥಮಫಲದ ಬುಟ್ಟಿಯನ್ನು ಯಾಜಕನ ಮುಂದಿಟ್ಟ ರೈತ ಮೊದಲು ತನ್ನ ಜನರ ಕಥೆ ಹೇಳಬೇಕು: ಅಲೆಮಾರಿ ಪೂರ್ವಜ, ಈಜಿಪ್ಟಿನ ದಾಸ್ಯ, ಅಲ್ಲಿಂದ ಬಿಡುಗಡೆ. ಬೆಳೆಯ ಮಾತು ಬರುವುದು ಕೊನೆಗೆ. ಎರಡನೆಯ ಶತಮಾನದಲ್ಲಿ ಕ್ರೈಸ್ತ ಧರ್ಮಶಾಸ್ತ್ರಜ್ಞ ಐರೇನಿಯಸ್, ಕ್ರಿಸ್ತನು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಸೃಷ್ಟಿಯ ಪ್ರಥಮಫಲವಾಗಿ ಅರ್ಪಿಸಲು ಶಿಷ್ಯರಿಗೆ ಕಲಿಸಿದನೆಂದು ಬರೆದ.

ಮೊಂತಿ ಫೆಸ್ತ್ ಬೀಳುವ ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಳ ಜನನದ ಹಬ್ಬವೂ ಹೌದು; ಆ ಹಬ್ಬಕ್ಕೂ ಬೇಸಾಯಕ್ಕೂ ಮೂಲದಲ್ಲಿ ನಂಟಿರಲಿಲ್ಲ. ಆರನೆಯ ಶತಮಾನದಲ್ಲಿ ಪೂರ್ವದ ಸಭೆಗಳಲ್ಲಿದ್ದ ಈ ಹಬ್ಬಕ್ಕೆ ರೋಮಿನಲ್ಲಿ ಮೆರವಣಿಗೆಯ ಮರ್ಯಾದೆ ಕೊಟ್ಟವರು ಪೋಪ್ ಒಂದನೆಯ ಸೆರ್ಜಿಯುಸ್ (687–701). ನಮ್ಮ ಕರಾವಳಿಯಲ್ಲಿ ಅದೇ ದಿನದ ಸುಮಾರಿಗೆ ಏಣೆಲು (ಮುಂಗಾರು ಭತ್ತದ) ಬೆಳೆ ತೆನೆಗಟ್ಟಿರುತ್ತದೆ. ಗೋವಾದಿಂದ ವಲಸೆ ಬಂದ ಈ ಸಮುದಾಯಕ್ಕೆ ತೆನೆ ಆಶೀರ್ವಾದ ಹೊಸದೂ ಆಗಿರಲಿಲ್ಲ. ಗೋವಾದ ರಾಯ್‌ನಲ್ಲಿ ಆಗಸ್ಟ್ 5ಕ್ಕೆ, ತಾಳಗಾಂವ್‌ನಲ್ಲಿ ಆಗಸ್ಟ್ 21ಕ್ಕೆ ತೆನೆಹಬ್ಬ ನಡೆಯುತ್ತದೆ. ನೆರೆಯ ತುಳುವರಿಗೆ ಹೊಸ ಅಕ್ಕಿಯ ಪುದ್ದಾರ್ ಊಟವಿದೆ, ಕೊಂಕಣಿ ಹಿಂದೂಗಳಿಗೆ ಅಂಥದೇ ನವೆಂ ಇದೆ. ಮತಾಂತರಗೊಂಡವರ ಪೂರ್ವಾಚಾರಗಳ ಮೇಲೆ ಗೋವಾದ ಇನ್‌ಕ್ವಿಸಿಶನ್ (ಮತವಿಚಾರಣಾ ನ್ಯಾಯಮಂಡಳಿ) 1736ರಲ್ಲಿ ಕಟ್ಟುನಿಟ್ಟಿನ ನಿಷೇಧಾಜ್ಞೆ ಹೊರಡಿಸಿತ್ತು. ಹಾಗಿದ್ದೂ ಹೊಸ ಅಕ್ಕಿ ಉಣ್ಣುವ ಹಳೆಯ ರೂಢಿ ಇಗರ್ಜಿಯೊಳಗೇ ನೆಲೆ ಕಂಡುಕೊಂಡಿತು.

ಒಂಬತ್ತು ದಿನಗಳ ನೊವೆನಾದಲ್ಲಿ ಮಕ್ಕಳು ಹೂ ಅರ್ಪಿಸುವ, ಬಟ್ಟೆಯಲ್ಲಿ ಸುತ್ತಿದ ಬಾಲಮರಿಯಳ ಪ್ರತಿಮೆ ತೀರ ಈಚಿನ ಪದರ ಎಂದೇ ನನ್ನ ಊಹೆ. ಅದರ ಹೋಲಿಕೆ ಮಿಲಾನ್‌ನ ಪ್ರಸಿದ್ಧ ಮೇಣದ ಶಿಶುವಿನೊಂದಿಗಿದೆ. ಆ ಮೂಲ ಪ್ರತಿಮೆ 1735ರದ್ದಾದರೂ ಅದರ ಭಕ್ತಿ ದೂರದೂರ ಹರಡಿದ್ದು 1884ರ ನಂತರ. ಇಟಲಿಯ ಜೆಸ್ವಿತರು ಮಂಗಳೂರಿಗೆ ಬಂದಿಳಿದದ್ದು 1878ರ ಕೊನೆಯ ದಿನ; ಈ ಭಕ್ತಿ ಅವರ ಮೂಲಕವೇ ಇಲ್ಲಿಗೆ ಬಂದಿರಬಹುದು.

ಇನ್ನು 1763. ಹೈದರಾಲಿ ಬಿದನೂರನ್ನು ಗೆದ್ದು ಕೆನರಾವನ್ನು ಮೈಸೂರಿಗೆ ಸೇರಿಸಿಕೊಂಡ ವರ್ಷವೂ ಅದೇ. ಎರಡು ದಶಕ ಕಳೆದು, 1784ರ ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರು 30 ಸಾವಿರ ಎಂಬುದರಿಂದ ಹಿಡಿದು 80 ಸಾವಿರದವರೆಗೆ ಅಂದಾಜುಗಳಿವೆ. ಕಾರಣಗಳ ಬಗ್ಗೆಯೂ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹೆಚ್ಚಿನ ಇಗರ್ಜಿಗಳು ನೆಲಸಮವಾದವು, ಭೂಮಿ ಕೈತಪ್ಪಿತು. ಬದುಕುಳಿದವರು ಊರು ಸೇರಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಧರ್ಮೋಪದೇಶಕಾಂಡದ ರೈತ ಬಾಯಲ್ಲಿ ಹೇಳಬೇಕಿದ್ದ ಕಥೆ ಇವರ ಪಾಲಿಗೆ ಸ್ವಂತ ಅನುಭವವೇ ಆಯಿತು. ಗದ್ದೆಗೆ ಮರಳಿ ಕಂಡ ಮೊದಲ ತೆನೆ ಅವರಿಗೆ ಕೇವಲ ಫಸಲಾಗಿರಲು ಸಾಧ್ಯವಿರಲಿಲ್ಲ.

ಆದರೂ ಹಬ್ಬದ ಪೂಜೆಯಲ್ಲಿ ಸೆರೆವಾಸದ ಪ್ರಸ್ತಾಪವಿಲ್ಲ. ಸ್ಮರಣೆಯ ಕೆಲಸ ನಡೆಯುವುದು ಮನೆಯಲ್ಲಿ. ಇಗರ್ಜಿಯಲ್ಲಿ ಆಶೀರ್ವದಿಸಿ ಹಂಚಿದ ತೆನೆಯನ್ನು ಮನೆಯ ಆಲ್ತಾರಿನಲ್ಲಿಡುತ್ತಾರೆ. ಕೆಲವು ಭತ್ತದ ಕಾಳುಗಳ ಸಿಪ್ಪೆ ಸುಲಿದು, ಅಕ್ಕಿಯನ್ನು ಪುಡಿಮಾಡಿ ಹಾಲಿಗೋ ತೆಂಗಿನಹಾಲಿನ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆಯ ಬಳಿಕ ಮನೆಯ ಹಿರಿಯರು ಈ ‘ನವೆಂ’ ಅನ್ನು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಬೆಸಸಂಖ್ಯೆಯ ತರಕಾರಿ ಪದಾರ್ಥಗಳ ಊಟ. ಹಬ್ಬದ ಜೀವ ಇರುವುದು ಈ ಹಂಚಿಕೆಯಲ್ಲೇ ಎಂದು ನಾನು ದೃಢವಾಗಿ ನಂಬುತ್ತೇನೆ. ಬರಲಾಗದವರ ಪಾಲನ್ನು ಇಲ್ಲಿ ಮರೆಯುವುದಿಲ್ಲ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಕ್ಕಳಿಗೆ ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ರೂಢಿ ಬೆಳೆದದ್ದು ಇದೇ ಕಾರಣಕ್ಕೆ. ಅವರೂ ಅಲ್ಲಿ ಅದನ್ನು ಹಾಲಿಗೆ ಹಾಕಿ, ಪ್ರಾರ್ಥಿಸಿ, ಸೇವಿಸುತ್ತಾರೆ.