ಪ್ರಸಾದ ನಿಲಯದಿಂದ ಆಪ್ತಸಲಹೆಯವರೆಗೆ

ಜ್ವರ ಬಂದ ವಿದ್ಯಾರ್ಥಿಗೆ ದವಾಖಾನೆಯ ದಾರಿ ಗೊತ್ತು. ಪರೀಕ್ಷೆಯಲ್ಲಿ ನಪಾಸಾಗಿ, ಮನೆಯಲ್ಲಿ ಹೇಳಿಕೊಳ್ಳಲಾಗದೆ, ರಾತ್ರಿಯಿಡೀ ನಿದ್ದೆಯಿಲ್ಲದೆ ಹೊರಳಾಡುವ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳ ಮಟ್ಟಿಗೆ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಈ ಭಾಗದಲ್ಲಿ ವಿದ್ಯಾರ್ಥಿ ಕ್ಷೇಮದ ಮೊದಲ ರೂಪ ಔಷಧವಲ್ಲ, ಊಟ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಛತ್ರಪತಿ ಶಾಹೂ ಮಹಾರಾಜರು 1901ರಲ್ಲಿ ಕೊಲ್ಹಾಪುರದಲ್ಲಿ ಮೊದಲ ವಿದ್ಯಾರ್ಥಿ ವಸತಿಗೃಹ ತೆರೆದು, ಮುಂದೆ ಬೇರೆ ಬೇರೆ ಸಮುದಾಯಗಳ ಮಕ್ಕಳಿಗೂ ಇಂಥ ನಿಲಯಗಳು ಏಳಲು ನೆರವಾದರು. ಅಥಣಿಯ ಮುರುಘೇಂದ್ರ ಶಿವಯೋಗಿಗಳ ಶಿಷ್ಯರಾದ ಮೃತ್ಯುಂಜಯ ಅಪ್ಪಗಳು ಧಾರವಾಡದ ಮುರುಘಾಮಠದಲ್ಲಿ ಉಚಿತ ಪ್ರಸಾದ ನಿಲಯ ನಡೆಸಿದರು. ಅಲ್ಲಿ ಉಂಡು ಓದಿದ ಹಳ್ಳಿಯ ಬಡ ಹುಡುಗರು ಅಸಂಖ್ಯ.

ಪಂಕ್ತಿಯಲ್ಲಿ ಕೂತು ಉಣ್ಣುವಲ್ಲಿ ಒಬ್ಬ ಎರಡು ದಿನ ಊಟ ಬಿಟ್ಟರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಪ್ತಸಲಹೆ ಎಂಬ ಹೆಸರು ಹುಟ್ಟುವ ಮೊದಲೇ ಅದರ ಬೀಜ ಅಲ್ಲಿತ್ತು. ಆದರೆ ಆ ನಿಲಯಗಳು ಹೆಚ್ಚಾಗಿ ಗಂಡುಮಕ್ಕಳಿಗಷ್ಟೇ ಮೀಸಲಾಗಿದ್ದವು. ಹಿರಿಯರೆದುರು ಬಾಯಿಬಿಟ್ಟು ಹೇಳಲಾಗದ ಕಷ್ಟಗಳಿಗೆ ಅಲ್ಲಿಯೂ ಜಾಗ ಕಡಿಮೆ.

ದೇಹದ ಕಾಯಿಲೆಗೆ ಕಾಗವಾಡ, ಅಥಣಿ, ರಾಯಬಾಗದವರು ಮಿರಜದ ಕಡೆ ಮುಖ ಮಾಡಿದರು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಹೆಸರು ದೂರದೂರ ಹಬ್ಬಿತ್ತು. ಮನಸ್ಸಿನ ಕಾಯಿಲೆಗೆ ಇದ್ದದ್ದು ಧಾರವಾಡದ ಆಸ್ಪತ್ರೆ. ಮಿರಜಕ್ಕೆ ಹೋಗಿ ಬಂದೆ ಎಂದು ನಾಲ್ಕು ಜನರ ಮುಂದೆ ಹೇಳಬಹುದಿತ್ತು. ಧಾರವಾಡದ ಆ ಆಸ್ಪತ್ರೆಗೆ ಹೋಗಿ ಬಂದೆ ಎನ್ನುವಂತಿರಲಿಲ್ಲ. ಈ ಸಂಕೋಚವೇ ದೂರಕ್ಕಿಂತ ದೊಡ್ಡ ಅಡ್ಡಿಯಾಯಿತು.

ವಿದ್ಯಾರ್ಥಿಗಳ ಆರೋಗ್ಯ ಕಾಲೇಜಿನ ಹೊಣೆ ಎಂಬ ವಿಚಾರ ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನಲ್ಲಿ 1861ರಷ್ಟು ಹಿಂದೆಯೇ ಮೂಡಿತ್ತು. ನಮ್ಮಲ್ಲಿ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲಿ, ಪ್ರವೇಶದ ವೇಳೆಯಲ್ಲೂ ಆಮೇಲೆ ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳ ವೈದ್ಯಕೀಯ ತಪಾಸಣೆ ಆಗಬೇಕೆಂದಿತು. 1964–66ರ ಕೊಠಾರಿ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾವಿರ ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಆಪ್ತಸಲಹೆಗಾರರಿರಬೇಕೆಂದು ಸೂಚಿಸಿತು. ಆಪ್ತಸಲಹೆ ಎಂದರೆ ಬುದ್ಧಿವಾದವಲ್ಲ. ಹೇಳುವವರ ಮಾತನ್ನು ತೀರ್ಪು ಕೊಡದೆ ಕೇಳಿ, ದಾರಿಯನ್ನು ಅವರೇ ಕಂಡುಕೊಳ್ಳಲು ನೆರವಾಗುವುದು.

ಆಯೋಗಗಳ ಮಾತು ಬಹುಪಾಲು ಕಾಗದದಲ್ಲೇ ಉಳಿಯಿತು. ಅತ್ತ ಕಾಲೇಜುಗಳು ತಾಲ್ಲೂಕುಗಳಿಗೇ ಬಂದವು. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು, ಕಾಗವಾಡದ ಶಿವಾನಂದ ಕಾಲೇಜುಗಳಿಂದ ರೈತರ, ಬೀಡಿ ಕಾರ್ಮಿಕರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಮನೆಯಿಂದಲೇ ಬಸ್ಸು ಹಿಡಿದು ಓದುವಂತಾಯಿತು. ಲಾಭ ದೊಡ್ಡದು. ಆದರೆ ಪಂಕ್ತಿಯಲ್ಲಿ ಊಟ ಬಿಟ್ಟವನನ್ನು ಗುರುತಿಸುವ ಕಣ್ಣು ಮರೆಯಾಯಿತು. ಗಂಟೆ ಬಾರಿಸುವ ಹೊತ್ತಿಗೆ ಬಂದು ಬಸ್ಸಿನ ಹೊತ್ತಿಗೆ ಓಡುವ ವಿದ್ಯಾರ್ಥಿಯ ಮುಖವನ್ನು ಅಧ್ಯಾಪಕರು ನೋಡುವುದಾದರೂ ಯಾವಾಗ?

ಚಿಕಿತ್ಸೆಯನ್ನು ಜನರ ಬಳಿಗೆ ಒಯ್ಯುವ ದಾರಿ ತೋರಿದ್ದು ಕರ್ನಾಟಕವೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಆರೋಗ್ಯ ಸೇವೆ ನೀಡಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2014ರಲ್ಲಿ ಬಂದ ‘ಮನೋಚೈತನ್ಯ’ ಯೋಜನೆ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಮಾಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮನೆಯಲ್ಲಿ ಒಂದು, ಕಾಲೇಜಿನಲ್ಲಿ ಇನ್ನೊಂದು ಭಾಷೆ ಆಡುವವರಿರುವ ಈ ಗಡಿಭಾಗಕ್ಕೆ, ಕನ್ನಡ–ಮರಾಠಿ ಎರಡರಲ್ಲೂ ಅಲ್ಲಿ ಮಾತಾಡಬಹುದೆಂಬುದು ಸಣ್ಣ ಸಂಗತಿಯಲ್ಲ. ನಿಪ್ಪಾಣಿಗೆ ಹೊಂದಿಕೊಂಡ ಅರ್ಜುನನಗರದ ದೇವಚಂದ ಕಾಲೇಜು ಇರುವುದೇ ಮಹಾರಾಷ್ಟ್ರದ ನೆಲದಲ್ಲಿ. ಕಷ್ಟಕ್ಕೆ ರಾಜ್ಯದ ಗಡಿ ಗೊತ್ತಿಲ್ಲ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್, 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಸಹಾಯವಾಣಿ ಸಂಖ್ಯೆಗಳನ್ನು ತರಗತಿ, ವಸತಿ ನಿಲಯಗಳಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದಿತು. ಕೊಠಾರಿ ಆಯೋಗದ ಸಲಹೆ ಹೀಗೆ ಆರು ದಶಕಗಳ ಬಳಿಕ ಆಜ್ಞೆಯಾಯಿತು.

ಆದರೂ ಆಜ್ಞೆಯಿಂದ ಹುಟ್ಟದ ಒಂದು ವಸ್ತುವಿದೆ: ನಂಬಿಕೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ, ಆ ಕೋಣೆಗೆ ಹೋದವರ ಹೆಸರು ಸಂಜೆಯೊಳಗೆ ಬಸ್ ನಿಲ್ದಾಣಕ್ಕೆ ಮುಟ್ಟಿದರೆ ಮರುದಿನ ಯಾರೂ ಬರಲಾರರು. ರೋಗಿಯ ಗುಟ್ಟು ಕಾಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಹಕ್ಕೆಂದೇ ಮಾನ್ಯ ಮಾಡಿದೆ. ಮಿರಜಕ್ಕೆ ಹೋಗಿ ಬಂದಷ್ಟೇ ಸಹಜವಾಗಿ ವಿದ್ಯಾರ್ಥಿಯೊಬ್ಬಳು ಆಪ್ತಸಲಹೆಯ ಕೋಣೆಗೆ ಹೋಗಿಬರುವ ದಿನವೇ ಈ ನೂರು ವರ್ಷಗಳ ಪ್ರಯತ್ನ ಸಾರ್ಥಕವಾಗುವ ದಿನ.